ಗುರುವಿನ ಕರಾರು

ಕೆಲವು ವರ್ಷಗಳಿಂದ ನನ್ನ ಮನಸ್ಸನ್ನು ಬಿಡದೆ ಕಾಡುತ್ತಿರುವ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಈ ಪ್ರಶ್ನೆಯು ಹುಟ್ಟಿದುದು ಶಾಸ್ತ್ರಗ್ರಂಥದಿಂದಲ್ಲ, ದೂರವಾಣಿಯಿಂದ. 2023ನೆಯ ಇಸವಿಯ ಬಲಿಪಾಡ್ಯಮಿಯ ಬೆಳಗ್ಗೆ ಹೊಳೆನರಸೀಪುರದ ನಮ್ಮ ಮನೆಯಲ್ಲಿ ಪೂಜೆ ಮುಗಿಸಿ ಕುಳಿತಿದ್ದಾಗ, ಅಮೆರಿಕಾದ ಹ್ಯೂಸ್ಟನ್ ಪಟ್ಟಣದಲ್ಲಿ ಇಂಜಿನಿಯರಾಗಿರುವ ನನ್ನ ತಮ್ಮನ ಮಗನು ಹಬ್ಬದ ನಮಸ್ಕಾರ ಹೇಳುವುದಕ್ಕೆಂದು ಕರೆದನು. ಕುಶಲಪ್ರಶ್ನೆಗಳಾದ ಮೇಲೆ, “ದೊಡ್ಡಪ್ಪ, ಇಲ್ಲೊಂದು ವಿಚಿತ್ರ ನಡೆದಿದೆ. ನಮ್ಮ ಕಡೆಯ ವಿಶ್ವವಿದ್ಯಾನಿಲಯದವರು ಫುಟ್‌ಬಾಲ್ ಕಲಿಸುವವರನ್ನು ಮೊನ್ನೆ ಭಾನುವಾರ ತೆಗೆದುಹಾಕಿದರು. ಅವರು ಇನ್ನು ಕೆಲಸ ಮಾಡಕೂಡದು ಎಂಬುದಕ್ಕಾಗಿ ಅವರಿಗೆ ಏಳೂವರೆ ಕೋಟಿ ಡಾಲರಿಗಿಂತ ಹೆಚ್ಚು ಹಣ ಕೊಡಬೇಕಂತೆ” ಎಂದನು.

ನಾನು ನಕ್ಕುಬಿಟ್ಟೆ. ನಮ್ಮ ಹಣದಲ್ಲಿ ಅದು ಆರುನೂರು ಕೋಟಿ ರೂಪಾಯಿಗಳಿಗೂ ಮಿಗಿಲು. ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಾನು ಸಂಪಾದಿಸಿದ ಸಂಬಳವನ್ನೆಲ್ಲ ಒಂದೆಡೆ ಕೂಡಿಸಿದರೂ ಆ ಮೊತ್ತದ ಒಂದು ತಿಂಗಳ ಬಡ್ಡಿಗೆ ಸಾಟಿಯಾಗಲಾರದು. ಕೆಲಸ ಮಾಡಿದುದಕ್ಕೆ ಕೂಲಿ ಕೊಡುವುದನ್ನು ಕಂಡಿದ್ದೇನೆ; ಮಾಡಿಸಿಕೊಂಡು ಕೊಡದೆ ಹೋದುದನ್ನು ಅದಕ್ಕಿಂತ ಹೆಚ್ಚಾಗಿ ಕಂಡಿದ್ದೇನೆ; ಮಾಡಬೇಡವೆಂಬುದಕ್ಕೆ ಕೂಲಿ ಕೊಡುವುದನ್ನು ಕಂಡಿರಲಿಲ್ಲ. ಸಿರಿವಂತರ ದೇಶದ ಹುಚ್ಚಾಟ ಎಂದು ಹೇಳಿ ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಆದರೆ ಅದು ನನ್ನನ್ನು ಬಿಡಲಿಲ್ಲ. ತರುವಾಯ ಒಂದು ದಿನ ಬೇರೊಂದು ಕಾರಣಕ್ಕಾಗಿ ವಿಷ್ಣುಸ್ಮೃತಿಯ ಐದನೆಯ ಅಧ್ಯಾಯವನ್ನು ತಿರುವಿಹಾಕುತ್ತಿದ್ದಾಗ ಭೃತಕರನ್ನು, ಎಂದರೆ ಕೂಲಿಗೆ ನಿಂತವರನ್ನು ಕುರಿತ ಸೂತ್ರಗಳು ಕಣ್ಣಿಗೆ ಬಿದ್ದವು. ಅಲ್ಲಿನ ವಿಧಿಯ ತಾತ್ಪರ್ಯ ಹೀಗಿದೆ: ಗೊತ್ತಾದ ಕಾಲವು ತುಂಬುವ ಮೊದಲೇ ಆಳು ಕೆಲಸ ಬಿಟ್ಟುಹೋದರೆ ಅವನಿಗೆ ಕೂಲಿಯಿಲ್ಲ, ಅದರ ಮೇಲೆ ನೂರು ಪಣಗಳನ್ನು ಅವನು ರಾಜನಿಗೆ ತೆರಬೇಕು. ಕಾಲವು ತುಂಬುವ ಮೊದಲೇ ಒಡೆಯನು ಆಳನ್ನು ಬಿಡಿಸಿದರೆ ಕೂಲಿಯನ್ನೆಲ್ಲ ಪೂರ್ತಿಯಾಗಿ ಕೊಡಬೇಕು. ಅದರ ಮೇಲೆ ಅವನೂ ನೂರು ಪಣಗಳನ್ನು ರಾಜನಿಗೆ ತೆರಬೇಕು. ಆಳಿನ ದೋಷದಿಂದ ಬಿಡಿಸಿದ್ದರೆ ಮಾತ್ರ ಈ ನಿಯಮವಿಲ್ಲ.

ನಾನು ನಕ್ಕಿದ್ದು ಯಾರನ್ನು ಎಂದು ಆಗ ನನಗೆ ನಾಚಿಕೆಯಾಯಿತು. ಟೆಕ್ಸಾಸಿನ ವಕೀಲರು ಅಷ್ಟು ಪುಟಗಳಲ್ಲಿ ಬರೆದಿರುವ ಕರಾರಿನ ತಿರುಳು ನಮ್ಮ ಕಪಾಟಿನೊಳಗೇ ಧೂಳು ಹಿಡಿದು ಕುಳಿತಿತ್ತು.

ಪ್ರಕೃತ ಸಂಗತಿಯ ವಿವರವನ್ನು ಸ್ವಲ್ಪ ಹೇಳುವುದು ಅವಶ್ಯ. ಅಮೆರಿಕಾದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು; ಮೊಟ್ಟೆಯಾಕಾರದ ಚೆಂಡನ್ನು ತಬ್ಬಿಕೊಂಡು ಓಡುವುದು, ಓಡುವವನನ್ನು ಕೆಡಹುವುದು ಅದರ ಮುಖ್ಯಾಂಶ. ಅಲ್ಲಿ ವಿಶ್ವವಿದ್ಯಾನಿಲಯಗಳ ತಂಡಗಳಿಗೆ ನಮ್ಮಲ್ಲಿ ಕ್ರಿಕೆಟ್ಟಿಗೆ ಇರುವಷ್ಟೇ ಭಕ್ತರಿದ್ದಾರೆ. ಅನೇಕ ರಾಜ್ಯಗಳಲ್ಲಿ ಸರ್ಕಾರದ ಲೆಕ್ಕದ ನೌಕರರಲ್ಲೆಲ್ಲ ಅತ್ಯಧಿಕ ಸಂಬಳ ಪಡೆಯುವವನು ರಾಜ್ಯಪಾಲನಲ್ಲ, ಈ ಆಟದ ಗುರು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದವರು ಜಿಂಬೋ ಫಿಶರ್ ಎಂಬುವರನ್ನು 2017ರ ಕೊನೆಯಲ್ಲಿ ಫ್ಲಾರಿಡಾದಿಂದ ಕರೆತಂದು ಹತ್ತು ವರ್ಷಕ್ಕೆ 7.5 ಕೋಟಿ ಡಾಲರಿನ ಕರಾರು ಬರೆದುಕೊಟ್ಟರು. 2021ರಲ್ಲಿ, ಕೇಳುವವರಿಲ್ಲದೆ, ಆ ಕರಾರನ್ನು 2031ರವರೆಗೆ ಲಂಬಿಸಿದರು. 2022ರಲ್ಲಿ ತಂಡವು ಐದು ಪಂದ್ಯಗಳನ್ನು ಗೆದ್ದು ಏಳನ್ನು ಸೋತಿತು. 2023ರ ನವೆಂಬರ್ 12ರಂದು ಅವರನ್ನು ಬಿಡಿಸಿದರು. ವಿಶೇಷವೇನೆಂದರೆ, ಅದರ ಹಿಂದಿನ ದಿನವಷ್ಟೇ ಅವರ ತಂಡವು 51ಕ್ಕೆ 10ರಂತೆ ಗೆದ್ದಿತ್ತು! ಗೆದ್ದ ಮರುದಿನ ಬಿಡುಗಡೆ. ಉಳಿದ ಎಂಟು ವರ್ಷಗಳ ಬಾಬ್ತು ಸುಮಾರು 7.6 ಕೋಟಿ ಡಾಲರು. ಬೇರೆಡೆ ಅವರಿಗೆ ಕೆಲಸ ಸಿಕ್ಕರೂ ಅದರಲ್ಲಿ ಕಡಿತವಿಲ್ಲವೆಂಬ ಷರತ್ತೂ ಇತ್ತು.

ಇದೊಂದೇ ನಿದರ್ಶನವಲ್ಲ. 2025ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಪೆನ್ ಸ್ಟೇಟ್ ಮತ್ತು ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾನಿಲಯಗಳು ತಮ್ಮ ತಮ್ಮ ಗುರುಗಳನ್ನು ಬಿಡಿಸಿದವು; ಕರಾರಿನ ಪ್ರಕಾರ ಒಂದೊಂದರ ಹೊಣೆಯೂ ಐದು ಕೋಟಿ ಡಾಲರಿನ ಆಸುಪಾಸು. ಲೂಯಿಸಿಯಾನಾದಲ್ಲಿ, ಬಿಡಿಸಿದ್ದು ಆಳಿನ ದೋಷದಿಂದಲೋ ಅಲ್ಲವೋ ಎಂಬುದರ ಮೇಲೆಯೇ ವ್ಯಾಜ್ಯವು ನ್ಯಾಯಾಲಯದ ಮೆಟ್ಟಿಲು ಹತ್ತಿತು. ವಿಷ್ಣುಸ್ಮೃತಿಯ ಕೊನೆಯ ಸೂತ್ರವು ಯಾವ ಬಾಗಿಲನ್ನು ತೆರೆದಿಟ್ಟಿತ್ತೋ ಆ ಬಾಗಿಲಿನಲ್ಲಿಯೇ ಜಗಳವೆಂಬುದನ್ನು ಗಮನಿಸಬೇಕು.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. 2023ರ ಜುಲೈ 4ರಂದು ನನ್ನ ಮೊಮ್ಮಗನು ಹಟಹಿಡಿದು ನನ್ನನ್ನು ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಕರೆದೊಯ್ದಿದ್ದನು. ದಕ್ಷಿಣ ಏಷ್ಯಾದ ಫುಟ್‌ಬಾಲ್ ಪಂದ್ಯಾವಳಿಯ ಕಡೆಯ ಆಟ, ಎದುರಾಳಿ ಕುವೈತ್. ಒಂದಕ್ಕೊಂದು ಸಮವಾಗಿ, ಕೊನೆಗೆ ಪೆನಾಲ್ಟಿಗಳಲ್ಲಿ 5-4ರಂತೆ ನಮ್ಮವರು ಗೆದ್ದರು. ಜನರ ಕೂಗಿನಲ್ಲಿ ನನ್ನ ಕಿವಿ ಎರಡು ದಿನ ಗುಂಯ್‌ಗುಟ್ಟಿತು. ಆ ದಿನ ತಂಡದ ಗುರು ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್ ಮೈದಾನದ ಅಂಚಿನಲ್ಲಿ ಇರಲಿಲ್ಲ. ಅದೇ ಪಂದ್ಯಾವಳಿಯಲ್ಲಿ ಎರಡು ಸಲ ಕೆಂಪು ಚೀಟಿ ಪಡೆದು ನಿಷೇಧಕ್ಕೊಳಗಾಗಿದ್ದರು; ಅವರ ಸಹಾಯಕ ಮಹೇಶ ಗವಳಿಯವರು ನಿಂತು ಆಡಿಸಿದರು. ಹಾಗಾದರೆ ಗೆಲವು ಯಾರದು? ಗುರುವಿನದೆನ್ನೋಣವೇ, ಗೈರುಹಾಜರಾದವನಿಗೆ ಫಲ ಹೇಗೆ? ಗುರುವಿನದಲ್ಲವೆನ್ನೋಣವೇ, ನಾಲ್ಕು ವರ್ಷ ತಿದ್ದಿದ ಕೈ ಯಾರದು? ಆ ಅಕ್ಟೋಬರಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆಯವರು ಅವರ ಕರಾರನ್ನು 2026ರವರೆಗೆ ಬೆಳೆಸಿದರು. 2024ರ ಜೂನಿನಲ್ಲಿ ವಿಶ್ವಕಪ್ಪಿನ ಅರ್ಹತೆಯ ಆಟದಲ್ಲಿ ಕತಾರಿಗೆ 2-1ರಂತೆ ಸೋತ ಮೇಲೆ, ಜೂನ್ 17ರಂದು ಅವರನ್ನು ತೆಗೆದರು. ಕರಾರು ಬೆಳೆಸಿ ಎಂಟು ತಿಂಗಳು! ಸಂಸ್ಥೆಯವರು ಮೂರು ತಿಂಗಳ ಸಂಬಳ ಕೊಡುತ್ತೇವೆಂದರು. ಅವರು ಉಳಿದ ಅವಧಿಯದನ್ನೆಲ್ಲ ಕೇಳಿದರು. ಕೊನೆಗೆ 4 ಲಕ್ಷ ಡಾಲರಿಗೆ ರಾಜಿಯಾಯಿತೆಂದು ಪತ್ರಿಕೆಗಳು ವರದಿಮಾಡಿದವು. ಮಕ್ಕಳಿಗೆ ಚೆಂಡು ಕೊಳ್ಳಲು ಹಣವಿಲ್ಲದ ದೇಶದಲ್ಲಿ ಇದು ಸಣ್ಣ ಮೊತ್ತವಲ್ಲ.

ಬೆಂಗಳೂರಿನದೇ ತಂಡವಾದ ಬೆಂಗಳೂರು ಎಫ್.ಸಿ.ಯ ಚರಿತ್ರೆಯೂ ಇಂಥದೇ. 2013ರಲ್ಲಿ ಸ್ಥಾಪಿತವಾಗಿ, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2019ರ ಮಾರ್ಚಿನಲ್ಲಿ ಕಾರ್ಲೆಸ್ ಕ್ವಾಡ್ರಾಟ್ ಅವರ ಕೈಕೆಳಗೆ ಇಂಡಿಯನ್ ಸೂಪರ್ ಲೀಗಿನ ಪ್ರಶಸ್ತಿ ಬಂದಿತು. 2021ರ ಜನವರಿಯಲ್ಲಿ ಅವರು ಹೊರಗಿದ್ದರು. ಸೈಮನ್ ಗ್ರೇಸನ್ 2022ರಲ್ಲಿ ಬಂದು ಡ್ಯುರಾಂಡ್ ಕಪ್ ಗೆಲ್ಲಿಸಿದರು, 2023ರಲ್ಲಿ ಎರಡು ಪಂದ್ಯಾವಳಿಗಳ ಕಡೆಯ ಆಟದವರೆಗೂ ತಂಡವನ್ನು ಒಯ್ದರು. ಆ ವರ್ಷದ ಡಿಸೆಂಬರಿನಲ್ಲಿ, ಮುಂಬಯಿಯವರ ಮುಂದೆ ನಾಲ್ಕು ಗೋಲುಗಳಿಂದ ಸೋತ ಮೇಲೆ, ಅವರಿಗೂ ವಿದಾಯ. ನಮ್ಮ ಕಡೆ ಬಾಡಿಗೆ ಎತ್ತನ್ನು ಕೂಡ ಒಂದು ಉಳುಮೆ ಮುಗಿಯುವ ತನಕ ಇಟ್ಟುಕೊಳ್ಳುವರು.

ಅಸ್ತು. ಈಗ ವಿಚಾರಕ್ಕೆ ಬರೋಣ. ಬಿಡಿಸಿದವನಿಗೆ ಕೊಡುವ ಈ ಹಣವು ಅನ್ಯಾಯವೇ? ಬಹು ಜನರು ಅನ್ಯಾಯವೆನ್ನುತ್ತಾರೆ. ನನ್ನ ಅಭಿಪ್ರಾಯವು ಹಾಗಲ್ಲ. ಒಡೆಯನು ಅವಧಿಯನ್ನು ಮಾತಿನಿಂದ ಕಟ್ಟಿದನು. ಅದನ್ನು ನಂಬಿ ಆಳು ತನ್ನ ಹಿಂದಿನ ಆಶ್ರಯವನ್ನು ಬಿಟ್ಟುಬಂದನು. ಮಾತಿಗೆ ತಪ್ಪಿದವನು ತೆರಲೇಬೇಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿದರೆ, ಈ ಹಣವು ಬಿಡಿಸಿಕೊಂಡವನ ಬಹುಮಾನವಲ್ಲ, ಬಿಡಿಸಿದವನ ದಂಡ. ಹೆಚ್ಚು ಹೊಗಳಿ ಕರಾರು ಬೆಳೆಸಿದ ಕೈಯೇ ಅದನ್ನು ಹರಿದಾಗ ಆ ಕೈಗೆ ಬೀಳುವ ಏಟು ಅದು. ಸ್ಮೃತಿಕಾರನು ರಾಜನಿಗೆ ನೂರು ಪಣಗಳೆಂದು ಬೇರೆ ಸೇರಿಸಿದ್ದಾನಲ್ಲ, ಅದು ಬಹು ಸೂಕ್ಷ್ಮವಾದ ಮಾತು. ಕೂಲಿ ಪೂರ್ತಿ ಕೊಟ್ಟುಬಿಟ್ಟರೆ ಇಬ್ಬರ ನಡುವಣ ಲೆಕ್ಕವು ತೀರಿತು. ಆದರೂ ದಂಡ ಉಳಿಯಿತು. ಎಂದಮೇಲೆ, ನಡುವೆ ಬಿಡಿಸುವುದರಿಂದ ಕೆಡುವುದು ಇಬ್ಬರ ಲೆಕ್ಕ ಮಾತ್ರವಲ್ಲ, ಮತ್ತಾವುದೋ ಕೆಡುತ್ತದೆ ಎಂದು ಅವನು ತಿಳಿದಿದ್ದಿರಬೇಕು.

ಅಮೆರಿಕಾದಲ್ಲಿ ಆ ಏಟು ಬೀಳಬೇಕಾದ ಕೈಯ ಮೇಲೆ ಬೀಳುವುದಿಲ್ಲವೆಂಬ ಆಕ್ಷೇಪವುಂಟು. ಕರಾರಿಗೆ ರುಜು ಹಾಕಿದ ಅಧಿಕಾರಿಯ ಜೇಬಿನಿಂದ ಒಂದು ಕಾಸೂ ಹೋಗದು. ಹಣವು ದಾನಿಗಳಿಂದ ಬರುತ್ತದೆ, ಟಿಕೆಟ್ಟುಗಳಿಂದ ಬರುತ್ತದೆ. ಪರರ ಹಣದಿಂದ ತನ್ನ ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವವನಿಗೆ ಎರಡನೆಯ ಸಲ ತಪ್ಪಲು ಭಯವೇನು? ಈ ಆಕ್ಷೇಪವು ಸರಿಯಾದುದೇ. ಆದರೆ ನನ್ನ ಪ್ರಶ್ನೆಯು ಇದೂ ಅಲ್ಲ.

ಇಲ್ಲಿ ಪಂಡಿತರೊಬ್ಬರು ನನ್ನನ್ನು ತಡೆದು, “ಸ್ವಾಮೀ, ಭೃತಕನ ವಿಧಿಯನ್ನು ಗುರುವಿಗೆ ಅನ್ವಯಿಸುವುದೇ ಅಪಚಾರವಲ್ಲವೇ? ಸಂಬಳಕ್ಕೆ ಕಲಿಸುವವನನ್ನು ಮನು ಶ್ರಾದ್ಧಕ್ಕೆ ಕೂಡ ಕರೆಯಬಾರದೆಂದಿದ್ದಾನೆ” ಎನ್ನಬಹುದು. ನಿಜ, ಎಂದಿದ್ದಾನೆ. ಅವನ ಲೆಕ್ಕದಲ್ಲಿ ನಾನೂ ಆ ಪಂಕ್ತಿಬಾಹ್ಯರ ಸಾಲಿನವನೇ. ತಿಂಗಳ ಕೊನೆಯ ದಿನ ರುಜು ಹಾಕಿ ಹಣ ಎಣಿಸಿಕೊಂಡವನು. ಆದಕಾರಣ ಸಂಬಳದ ಗುರುವನ್ನು ಕೀಳೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಹೊಟ್ಟೆಯಿರುವ ಗುರುವಿಗೆ ಹಸಿವೂ ಉಂಟು. ಭೀಷ್ಮನು ದ್ರೋಣರನ್ನು ಕುರುಕುಮಾರರಿಗೆ ಗುರುವನ್ನಾಗಿ ನೇಮಿಸಿದಾಗ ದ್ರೋಣರು ಬಡತನದಿಂದ ಬೆಂದೇ ಬಂದಿದ್ದರು. ಆ ಸಂದರ್ಭದಲ್ಲಿ ಇನ್ನೊಂದು ಅಂಶವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ದ್ರೋಣರಿಗಿಂತ ಮೊದಲು ಆ ಹುಡುಗರಿಗೆ ಕೃಪಾಚಾರ್ಯರು ಕಲಿಸುತ್ತಿದ್ದರು. ಹೆಚ್ಚಿನ ಗುರು ಬಂದರೆಂದು ಭೀಷ್ಮನು ಕೃಪರನ್ನು ಮನೆಗೆ ಕಳುಹಿಸಲಿಲ್ಲ. ಅವರು ಅರಮನೆಯಲ್ಲಿಯೇ ಉಳಿದರು, ಯುದ್ಧವೆಲ್ಲ ಮುಗಿದು, ದ್ರೋಣರು ಸತ್ತ ಮೇಲೂ ಉಳಿದರು, ಪರೀಕ್ಷಿತನಿಗೂ ಗುರುವಾದರು. ಭೀಷ್ಮನಿಗೆ ಕರಾರಿನ ಭಯವಿರಲಿಲ್ಲ. ಕೃಪರ ಕೈಯಲ್ಲಿ ಕಾಗದವಿರಲಿಲ್ಲ.

ಗುರುವನ್ನು ಫಲದಿಂದ ಅಳೆಯಬಹುದೇ ಎಂಬುದು ಮುಂದಿನ ಪ್ರಶ್ನೆ. ಕಾಳಿದಾಸನ ಮಾಲವಿಕಾಗ್ನಿಮಿತ್ರವನ್ನು ಓದಿದವರಿಗೆ ಗಣದಾಸ ಮತ್ತು ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರ ಜಗಳವು ನೆನಪಿರಬಹುದು. ಇಬ್ಬರೂ ಅರಮನೆಯ ಸಂಬಳದವರು. ಯಾರು ಮೇಲೆಂಬುದನ್ನು ಶಿಷ್ಯೆಯರ ಪ್ರಯೋಗದಿಂದ ನಿರ್ಣಯಿಸಬೇಕೆಂದು ಗೊತ್ತಾಗುತ್ತದೆ. ಸ್ಪರ್ಧೆಯಿಲ್ಲದಿದ್ದರೆ ಇವರಿಗೆ ಸುಮ್ಮನೆ ಸಂಬಳ ಏಕೆ ಎಂಬ ಅರ್ಥದ ಮಾತನ್ನು ವಿದೂಷಕನು ಆಡುತ್ತಾನೆ. ಈಗಿನ ಆಡಳಿತ ಮಂಡಳಿಗಳ ಸಭೆಯಲ್ಲಿ ಕೇಳಿಬರುವ ಮಾತು ಅದೇ. ಅಲ್ಲಿ ರಾಣಿಯು ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾಳೆ: ಶಿಷ್ಯೆಯೇ ಮಂದಬುದ್ಧಿಯವಳಾಗಿ ಪಾಠವನ್ನು ಕೆಡಿಸಿದರೆ ಅದು ಆಚಾರ್ಯನ ದೋಷವೇ? ಅದಕ್ಕೆ ಬರುವ ಉತ್ತರವು ತೀಕ್ಷ್ಣವಾಗಿದೆ. ಅಯೋಗ್ಯ ಪಾತ್ರವನ್ನು ಆರಿಸಿಕೊಂಡದ್ದೇ ಗುರುವಿನ ಬುದ್ಧಿ ಸಾಲದೆಂಬುದಕ್ಕೆ ಸಾಕ್ಷಿ, ಎಂದು.

ಈ ಉತ್ತರವನ್ನು ಪಾಠಶಾಲೆಯಲ್ಲಿ ನಮ್ಮ ಗುರುಗಳು ವಿವರಿಸಿದಾಗ ನಾವು ಹುಡುಗರು ಚಪ್ಪಾಳೆ ತಟ್ಟಿದ್ದೆವು. ಮೇಷ್ಟರಾದ ಮೇಲೆ ಅದರ ವಿಷ ನನಗೆ ತಿಳಿಯಿತು. ಆ ಉತ್ತರವನ್ನು ಒಪ್ಪಿದರೆ ಗುರುವಿನ ಮುಖ್ಯ ವಿದ್ಯೆಯು ಕಲಿಸುವುದಲ್ಲ, ಆರಿಸುವುದು ಎಂದಾಗುತ್ತದೆ. ಅಮೆರಿಕಾದ ಆಟದಲ್ಲಿ ಅದು ಹಾಗೆಯೇ ಆಗಿದೆ. ಅಲ್ಲಿಯ ಗುರುವಿನ ವರ್ಷದಲ್ಲಿ ಒಂದು ಭಾಗವು ಪ್ರೌಢಶಾಲೆಯ ಹುಡುಗರ ಮನೆಗಳಿಗೆ ಹೋಗಿ, ತಂದೆತಾಯಿಗಳ ಎದುರು ಕುಳಿತು, ವರಾನ್ವೇಷಣೆಗೆ ಬಂದವರಂತೆ ಮಾತನಾಡಿ, ನಿಮ್ಮ ಮಗನನ್ನು ನನಗೆ ಕೊಡಿ ಎನ್ನುವುದರಲ್ಲಿ ಕಳೆಯುತ್ತದೆ. ಫಿಶರ್ ಅವರು 2022ರಲ್ಲಿ ಕೂಡಿಸಿದ ಹುಡುಗರ ಗುಂಪನ್ನು ದೇಶಕ್ಕೇ ಮೊದಲನೆಯದೆಂದು ಎಣಿಸಿದ್ದರು. ಆ ವರ್ಷವೇ ತಂಡವು ಏಳು ಸಲ ಸೋತದ್ದು. ಆರಿಸುವ ವಿದ್ಯೆ ಬೇರೆ, ಕಲಿಸುವ ವಿದ್ಯೆ ಬೇರೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ.

ನಮ್ಮ ಜಿಲ್ಲೆಯವರು ನಗಬೇಕಾದ ಪ್ರಮೇಯವಿಲ್ಲ. 2019ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹಾಸನ ಜಿಲ್ಲೆಯು ಶೇಕಡಾ 89ಕ್ಕೂ ಮೇಲ್ಪಟ್ಟು ಉತ್ತೀರ್ಣತೆ ಪಡೆದು ರಾಜ್ಯಕ್ಕೆ ಮೊದಲನೆಯದಾಯಿತು. ಸರ್ಕಾರಿ ಶಾಲೆಗಳಲ್ಲಿ, ಬಂದ ಮಕ್ಕಳನ್ನೆಲ್ಲ ಸೇರಿಸಿಕೊಂಡು, ಸಂಜೆಯ ಹೊತ್ತು ಕೂರಿಸಿ ಓದಿಸಿದ ಉಪಾಧ್ಯಾಯರನ್ನು ನಾನು ಬಲ್ಲೆ. ಆ ಕೀರ್ತಿ ಅವರದು. ಆದರೆ ಎಂಟನೆಯ ತರಗತಿಗೆ ಸೇರಿಸಿಕೊಳ್ಳುವಾಗಲೇ ಪರೀಕ್ಷೆ ಮಾಡಿ, ಸೋಸಿ, ಕಡಿಮೆಯವರನ್ನು ಒಂಬತ್ತರಲ್ಲಿಯೇ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿ, ಉಳಿದವರ ಭಾವಚಿತ್ರಗಳನ್ನು ಬಸ್ ನಿಲ್ದಾಣದಲ್ಲಿ ಫಲಕ ಹಾಕಿಸುವ ಶಾಲೆಗಳೂ ಉಂಟು. ಬರಿಯ ಮುತ್ತುಗಳನ್ನೇ ಆಯ್ದು ತಂದು ಇವು ನಮ್ಮ ಕಪ್ಪೆಚಿಪ್ಪಿನಲ್ಲಿ ಆದುವು ಎನ್ನುವವರು ಅವರು. ಅಂಥ ಶಾಲೆಯ ಪಕ್ಕದಲ್ಲಿ, ಅಲ್ಲಿಂದ ಹೊರಬಿದ್ದವರನ್ನೂ ಸೇರಿಸಿಕೊಂಡು ಪಾಠ ಹೇಳುವವನಿಗೆ ಫಲಿತಾಂಶ ಕಡಿಮೆಯಾಯಿತೆಂದು ನೋಟೀಸು ಬರುತ್ತದೆ.

ಕಾಳಿದಾಸನ ನಾಟಕದಲ್ಲಿ ಇನ್ನೊಂದು ಮಾತುಂಟು. ಮಾಲವಿಕೆಯ ಪ್ರಯೋಗವಾದ ಮೇಲೆ ಹರದತ್ತನು ತನ್ನದನ್ನೂ ನೋಡಬೇಕೆಂದು ಬೇಡುತ್ತಾನೆ. ಅಷ್ಟರಲ್ಲಿ ಮಧ್ಯಾಹ್ನವಾಯಿತು, ಊಟದ ಹೊತ್ತು ಎಂದು ಎಲ್ಲರೂ ಏಳುತ್ತಾರೆ. ರಾಜನಿಗೆ ಬೇಕಾಗಿದ್ದುದು ಮಾಲವಿಕೆಯನ್ನು ನೋಡುವುದು, ಅದು ಆಯಿತು. ಇಬ್ಬರು ಮುದುಕರ ಜೀವಮಾನದ ವಿದ್ಯೆಯು ಮತ್ತೊಬ್ಬರ ಪ್ರಯೋಜನಕ್ಕೆ ನೆಪವಾಯಿತು. ನಾಟಕವನ್ನು ನೋಡಿ ಜನರು ನಗುತ್ತಾರೆ. ಹರದತ್ತನ ವಿಷಯದಲ್ಲಿ ನನಗೆ ಎಂದೂ ನಗು ಬಂದಿಲ್ಲ.

ಹೀಗಿರುವಲ್ಲಿ, ಒಡೆಯನ ಮಾತಾಯಿತು, ಗುರುವಿನ ಮಾತಾಯಿತು; ಶಿಷ್ಯನೆಲ್ಲಿ? ಇದೇ ನನ್ನನ್ನು ಕಾಡಿದ ಪ್ರಶ್ನೆ. ವಿಷ್ಣುಸ್ಮೃತಿಯ ಆ ಸೂತ್ರಗಳಲ್ಲಿ ಅವನಿಲ್ಲ, ಏಕೆಂದರೆ ಅವು ಕೂಲಿಯವನನ್ನು ಕುರಿತವು. ಆದರೆ ನಾರದಸ್ಮೃತಿಯಲ್ಲಿ ಮತ್ತು ಯಾಜ್ಞವಲ್ಕ್ಯದಲ್ಲಿ ಬೇರೆಯೊಂದು ವಿಧಿಯಿದೆ. ಶಿಲ್ಪವನ್ನು ಕಲಿಯಲು ಗುರುವಿನ ಮನೆಯಲ್ಲಿ ನಿಲ್ಲುವವನಿಗೆ ಅಂತೇವಾಸಿಯೆಂದು ಹೆಸರು. ಎಷ್ಟು ಕಾಲವೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು; ಗುರುವು ಅವನಿಗೆ ಅನ್ನವಿಟ್ಟು ಮಗನಂತೆ ಕಂಡು ಕಲಿಸಬೇಕು; ವಿದ್ಯೆಯು ಬೇಗ ಬಂದರೂ ಶಿಷ್ಯನು ಗೊತ್ತಾದ ಕಾಲ ತುಂಬುವವರೆಗೆ ಅಲ್ಲಿಯೇ ಇದ್ದು ತನ್ನ ದುಡಿಮೆಯ ಫಲವನ್ನು ಗುರುವಿಗೆ ಕೊಡಬೇಕು. ನಿರ್ದೋಷಿಯಾದ ಗುರುವನ್ನು ಬಿಟ್ಟು ಓಡಿದವನನ್ನು ಹಿಡಿದು ತರಿಸಬಹುದೆಂದೂ ಇದೆ; ಆ ಕಠಿಣವನ್ನು ಈಗ ಯಾರೂ ಒಪ್ಪಬೇಕಾಗಿಲ್ಲ. ಗಮನಿಸಬೇಕಾದುದು ಇಷ್ಟು: ಅಲ್ಲಿ ಕಾಲದ ಮಾತು ನಡೆದುದು ಗುರು-ಶಿಷ್ಯರ ನಡುವೆ. ಮೂರನೆಯವನೊಬ್ಬನು ನಡುವೆ ಬಂದು, ನಾಳೆಯಿಂದ ನೀನು ಇವನಿಗೆ ಕಲಿಸಬೇಡ ಎಂದು ಹೇಳುವ ಹಕ್ಕಿನ ಪ್ರಸ್ತಾಪವೇ ಇಲ್ಲ.

ಈಗ ಒಡೆಯ-ಗುರುಗಳ ಕರಾರು ಉಳಿದಿದೆ, ಗುರು-ಶಿಷ್ಯರ ಕರಾರು ಹೋಗಿದೆ. ಅಷ್ಟೇ ಆಗಿದ್ದರೆ ಕಾಲಧರ್ಮವೆಂದು ಸುಮ್ಮನಿರಬಹುದಾಗಿತ್ತು. ಅಮೆರಿಕಾದಲ್ಲಿ ಗುರುವಿನ ಕರಾರನ್ನು ಮತ್ತೆ ಮತ್ತೆ ಬೆಳೆಸುವುದಕ್ಕೆ ಒಂದು ಮುಖ್ಯ ಕಾರಣವೇನೆಂದರೆ, ಸೇರಬೇಕೆಂದಿರುವ ಹುಡುಗರಿಗೆ ಅದನ್ನು ತೋರಿಸುವುದು. ಒಂದೆರಡು ವರ್ಷ ಮಾತ್ರ ಉಳಿದಿರುವ ಗುರುವಿನ ಬಳಿಗೆ ಹುಡುಗನು ಬರಲೊಲ್ಲನು. ನೀನು ಓದು ಮುಗಿಸುವ ತನಕ ಇವರು ಇರುತ್ತಾರೆ, ನೋಡು, ಎಂದು ಹೇಳಬೇಕಾಗಿದೆ. ಆ ಹತ್ತು ವರ್ಷಗಳ ಅಂಕಿಯು ಬರೆದಿರುವುದು ಗುರುವಿನ ಹೆಸರಿಗೆ, ಓದಿಸುವುದು ಶಿಷ್ಯನ ತಾಯಿಗೆ. ಕರಾರು ಹರಿದಾಗ ಗುರುವಿಗೆ ಹಣ ಬರುತ್ತದೆ. ತಾಯಿಗೆ ಏನು ಬರುತ್ತದೆ?

ನ್ಯಾಯವಾಗಿ ಹೇಳಬೇಕೆಂದರೆ, ಈಚೆಗೆ ಅಲ್ಲಿಯವರು ಇದಕ್ಕೆ ಸ್ವಲ್ಪ ಪರಿಹಾರ ಕಂಡಿದ್ದಾರೆ. ಗುರುವು ಹೋದರೆ ಹುಡುಗರೂ ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗಬಹುದೆಂದು ಗೊತ್ತಾದ ಕೆಲವು ದಿನಗಳ ಅವಕಾಶ ಕೊಡುತ್ತಾರೆ. 2025ರ ಜುಲೈಯಿಂದ ವಿಶ್ವವಿದ್ಯಾನಿಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಲೂ ಬಹುದು. ಇದರಿಂದ ಬೇರೆ ಕೇಡುಗಳು ಹುಟ್ಟಿವೆಯೆಂದು ನನ್ನ ತಮ್ಮನ ಮಗನು ಹೇಳುತ್ತಾನೆ. ವರ್ಷಕ್ಕೊಂದು ಊರು ಬದಲಿಸುವ ಹುಡುಗರಂತೆ, ಸಂತೆಯಂತೆ. ಶಿಷ್ಯನ ಕೈ ಅತಿಯಾಗಿ ಮೇಲಾದರೂ ಕಷ್ಟವೇ. 2017ರ ಜೂನಿನಲ್ಲಿ ಅನಿಲ್ ಕುಂಬ್ಳೆಯವರು ಭಾರತ ಕ್ರಿಕೆಟ್ ತಂಡದ ಗುರುಸ್ಥಾನವನ್ನು ಬಿಟ್ಟ ಸಂಗತಿಯನ್ನು ನೆನೆಯಬಹುದು. ಅವರ ಒಂದು ವರ್ಷದಲ್ಲಿ ತಂಡವು ಆಡಿದ 17 ಟೆಸ್ಟುಗಳಲ್ಲಿ ಸೋತದ್ದು ಒಂದೇ. ಆದರೂ ನಾಯಕನಿಗೆ ತಮ್ಮ ರೀತಿಯ ವಿಷಯದಲ್ಲಿ ಸಮ್ಮತಿಯಿಲ್ಲವೆಂದು ತಿಳಿದುಬಂದುದರಿಂದ ಹೊರಡುತ್ತಿರುವುದಾಗಿ ಅವರೇ ತಿಳಿಸಿದರು, ಗೌರವದಿಂದ ಹೊರಟರು. ಕೋಟಿಗಳನ್ನು ದುಡಿಯುವ ಶಿಷ್ಯನ ಮಾತಿಗೆ ಬೆಲೆಯಿದೆ. ನನ್ನ ಚಿಂತೆಯು ಬೆಲೆಯಿಲ್ಲದ ಶಿಷ್ಯನನ್ನು ಕುರಿತದ್ದು.

ಅವನನ್ನು ನಾನು ಕಂಡಿದ್ದೇನೆ. ಅದನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ಆತ್ಮವಂಚನೆಯಾದೀತು.

ಅರಕಲಗೂಡು ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದ ಕಾಲ. ಆಡಳಿತ ಮಂಡಳಿಯವರಿಗೆ ವಾಲಿಬಾಲಿನಲ್ಲಿ ಜಿಲ್ಲೆಗೆ ಮೊದಲಾಗಬೇಕೆಂಬ ಆಸೆ ಹುಟ್ಟಿತು. ಆಟ ಬಲ್ಲ ಒಬ್ಬ ತರುಣನನ್ನು ಮಾರ್ಚ್ ಕೊನೆಯವರೆಗೆಂದು ಗೊತ್ತುಮಾಡಿ ನೇಮಿಸಿದರು. ಅವನು ಎತ್ತರದ ಹುಡುಗರನ್ನು ಹುಡುಕುತ್ತ ಊರೂರು ತಿರುಗಲಿಲ್ಲ. ಆಲೂಗೆಡ್ಡೆ ಹೊಲದಲ್ಲಿ, ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಅಪ್ಪಂದಿರಿಗೆ ಕೈಗೂಡಿಸಿ ಬರುತ್ತಿದ್ದ, ಇದ್ದ ಹುಡುಗರನ್ನೇ ಬೆಳಗಿನ ಆರು ಗಂಟೆಗೆ ನಿಲ್ಲಿಸಿದನು. ತಾಲ್ಲೂಕಿನಲ್ಲಿ ಗೆದ್ದೆವು. ಹಾಸನದಲ್ಲಿ ಕಡೆಯ ಆಟದಲ್ಲಿ ಎದುರಾದ ಶಾಲೆಯವರು ಬೇರೆ ಬೇರೆ ತಾಲ್ಲೂಕುಗಳಿಂದ ನೆಟ್ಟಿಗಿಂತ ಮೇಲೆ ಕೈ ಹೋಗುವ ಹುಡುಗರನ್ನು ಆರಿಸಿ, ಊಟ ವಸತಿ ಕೊಟ್ಟು ಇಟ್ಟುಕೊಂಡಿದ್ದರು. ಸೋತೆವು. ನವೆಂಬರಿನ ಸಭೆಯಲ್ಲಿ ಆ ತರುಣನನ್ನು ಬಿಡಿಸಬೇಕೆಂದು ತೀರ್ಮಾನವಾಯಿತು.

ಸಭೆಯಲ್ಲಿ ನಾನು ಎದ್ದುನಿಂತು, ಕರಾರು ಮಾರ್ಚ್‌ವರೆಗೆ ಇದೆ, ಉಳಿದ ನಾಲ್ಕು ತಿಂಗಳ ಸಂಬಳವನ್ನು ಒಟ್ಟಿಗೆ ಕೊಡದೆ ಕಳುಹಿಸಿದರೆ ಅಧರ್ಮವಾಗುತ್ತದೆ ಎಂದು ವಾದಿಸಿದೆ. ಒಬ್ಬಿಬ್ಬರು ಗೊಣಗಿದರು. ಕೊನೆಗೆ ಹದಿನೆಂಟು ಸಾವಿರ ರೂಪಾಯಿಗಳಿಗೆ ಒಪ್ಪಿದರು. ತೀರ್ಮಾನಕ್ಕೆ ನಾನು ರುಜು ಹಾಕಿದೆ. ಆ ರಾತ್ರಿ ಮನೆಗೆ ಬಂದು, ಒಬ್ಬ ಬಡವನಿಗೆ ನ್ಯಾಯ ದೊರಕಿಸಿದೆನೆಂದು ನನ್ನ ಹೆಂಡತಿಯೊಡನೆ ಹೇಳಿಕೊಂಡದ್ದೂ ಉಂಟು.

ಮರುದಿನ ಲಕೋಟೆಯನ್ನು ಅವನ ಕೈಗೆ ಕೊಟ್ಟಾಗ ಅವನು ಎಣಿಸಲಿಲ್ಲ. ಮಡಿಸಿದ ಒಂದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, “ಮುಂದೆ ಬರುವವರಿಗೆ ಕೊಡಿ ಸಾರ್” ಎಂದನು. ಹನ್ನೊಂದು ಹುಡುಗರ ಹೆಸರುಗಳು. ಯಾರಿಗೆ ಮೊಣಕಾಲು ನೋವು, ಯಾರು ಬೆಳಗ್ಗೆ ಏನೂ ತಿನ್ನದೆ ಬರುತ್ತಾನೆ, ಯಾರನ್ನು ಗದರಿಸಿದರೆ ಎರಡು ದಿನ ಕೈ ಏಳುವುದಿಲ್ಲ, ಎಂಬುದನ್ನೆಲ್ಲ ಹೆಸರಿನ ಮುಂದೆ ಬರೆದಿದ್ದನು. ಮುಂದಿನವರು ಬಂದುದು ಜೂನಿನಲ್ಲಿ. ಅಷ್ಟು ಹೊತ್ತಿಗೆ ಆ ಹೆಸರುಗಳಲ್ಲಿ ಏಳು ಶಾಲೆಯ ಹಾಜರಿ ಪುಸ್ತಕದಲ್ಲಿಯೇ ಇರಲಿಲ್ಲ. ಹಾಳೆಯು ನನ್ನ ಮೇಜಿನ ಸೆಳೆಖಾನೆಯಲ್ಲಿಯೇ ಉಳಿದಿತ್ತು.

ಆದರೆ ಅದು ಆಮೇಲಿನ ಮಾತು. ಅವನು ಹೋದ ವಾರ, ಮಂಜಿನಲ್ಲಿ, ಗಂಟೆ ಹೊಡೆಯುವುದಕ್ಕೆ ಇನ್ನೂ ಹೊತ್ತಿರುವಾಗ, ಹತ್ತನೆಯ ತರಗತಿಯ ಒಬ್ಬ ಕುಳ್ಳ ಹುಡುಗನು ನನ್ನ ಕೋಣೆಯ ಬಾಗಿಲಲ್ಲಿ ನಿಂತನು. ನೆಟ್ಟು ಇಟ್ಟಿದ್ದ ಕೋಣೆಯ ಬೀಗದ ಕೈ ಬೇಕೆಂದನು. ಕೊಟ್ಟೆ. ಅವನು ಹೋಗಲಿಲ್ಲ.

“ಸಾ, ನಮ್ ಮೇಷ್ಟ್ರಿಗೆ ಮಾರ್ಚ್‌ಗಂಟ ಸಂಬಳ ಕೊಟ್ಬುಟ್ಟವ್ರಂತೆ, ದಿಟ್ವಾ?”

ದಿಟವೆಂದೆ, ಸ್ವಲ್ಪ ಹೆಮ್ಮೆಯಿಂದಲೇ ಎಂದೆ.

“ಅಂಗಾರೆ ಮಾರ್ಚ್‌ಗಂಟ ಅವ್ರು ಬರ್ಬೋದಲ್ವಾ ಸಾ?”

ಗಂಟೆ ಇನ್ನೂ ಹೊಡೆದಿರಲಿಲ್ಲ. ಹೊಡೆಯುವ ಹೊತ್ತಾಯಿತು, ತರಗತಿಗೆ ಹೋಗು ಎಂದು ಹೇಳಿ, ಹಾಜರಿ ಪುಸ್ತಕವನ್ನು ತೆರೆದು ಕುಳಿತೆ.